ಗಂಗ್‌ಹ್ವಾ ದ್ವೀಪದ ಕಲ್ಲೂ ನಮ್ಮ ಮೋರ್ಯರ ಮನೆಯೂ

ಮಾನ್ಯ ಸಂಪಾದಕರೇ,

ಮಗಳ ಮನೆಗೆ ಅಂತ ಸಿಯೋಲ್‌ಗೆ ಹೋಗಿದ್ದೆ, ಅಲ್ಲಿ ಒಂದಿನ ಅವಳು ಆಫೀಸಿಗೆ ರಜೆ ಹಾಕಿ ಅಮ್ಮಾ ಇವತ್ತು ಗಂಗ್‌ಹ್ವಾಗೆ ಹೋಗೋಣ ನಡಿ ಅಂದ್ಲು, ನನ್ನ ಕಿವಿಗೆ ಅದು ಗಂಗಾವತಿ ಅಂತಾನೇ ಬಿತ್ತು, ಇಷ್ಟು ದೂರ ಬಂದು ಮತ್ತೆ ನಮ್ಮೂರಿಗೇ ಯಾಕೆ ಹೋಗ್ಬೇಕು ಅಂದೆ. ನೋಡಿದ್ರೆ ಅದೊಂದು ದ್ವೀಪ. ಹಾನ್ ನದಿ ಸಮುದ್ರ ಸೇರೋ ಜಾಗದಲ್ಲಿದೆ, ದ್ವೀಪ ಅಂದ್ರೂ ದೋಣಿ ಗೀಣಿ ಏನೂ ಬೇಡ, ಸೇತುವೆ ಮೇಲೆ ಬಸ್ಸೇ ಹೋಗುತ್ತೆ. ಅದರ ಉತ್ತರದ ದಡದಲ್ಲಿ ನಿಂತ್ರೆ ಆಚೆ ಕಾಣೋದು ಉತ್ತರ ಕೊರಿಯಾ ಅಂತೆ. ನಮಗೆ ಅದೆಲ್ಲ ಬೇಡವಾಗಿತ್ತು, ನಾವು ಹೋಗಿದ್ದು ಒಂದು ಕಲ್ಲು ನೋಡೋಕೆ, ಹಳೇ ಕಾಲದವರ ಗೋರಿ ಅದು.

ಬುಗುನ್‌ರಿ ಅನ್ನೋ ಕಡೆ ಬಯಲಲ್ಲಿ, ಹುಲ್ಲಿನ ಮಧ್ಯೆ, ಎರಡು ಚಪ್ಪಡಿ ನಿಲ್ಲಿಸಿ ಅದರ ಮೇಲೆ ಒಂದು ಭಾರೀ ಬಂಡೆ ಹೊದಿಸಿದ್ದಾರೆ, ಅಷ್ಟೇ. ಮೇಲಿನ ಬಂಡೆ ಹತ್ತಿರ ಹತ್ತಿರ 7 ಮೀಟರ್ ಉದ್ದ, 5 ಮೀಟರಿಗೂ ಮೀರಿದ ಅಗಲ, ನಮ್ಮನೆ ಹಾಲ್ ಅದರ ಕೆಳಗೆ ಆರಾಮಾಗಿ ಕೂರುತ್ತೆ. ತೂಕ 50 ಟನ್ನಿಗೂ ಜಾಸ್ತಿ. ಕೆಳಗಿನ ಎರಡು ಕಲ್ಲು ನೆಟ್ಟಗೂ ಇಲ್ಲ, ಸ್ವಲ್ಪ ವಾಲಿವೆ, ಇವತ್ತೋ ನಾಳೆಯೋ ಬೀಳುತ್ತೇನೋ ಅನ್ನೋ ಹಂಗೆ, ಆದ್ರೆ ಕಂಚಿನ ಯುಗದಿಂದ ಹಂಗೇ ನಿಂತಿದೆ. ಮುಂದೆ ಹಿಂದೆ ಮುಚ್ಚಿದ್ದ ಕಲ್ಲು ಯಾವಾಗಲೋ ಹೋಗಿಬಿಟ್ಟಿದೆ, ಹಂಗಾಗಿ ಈ ಕಡೆಯಿಂದ ಬಗ್ಗಿ ನೋಡಿದ್ರೆ ಆ ಕಡೆ ಗುಡ್ಡ ಕಾಣುತ್ತೆ. ಕಲ್ಲಿನ ಮೈಮೇಲೆಲ್ಲ ಬೂದು, ಕಪ್ಪು, ಒಂದೊಂದು ಕಡೆ ಹಳದಿ ಕಲೆ, ನಮ್ಮ ಗುಡ್ಡದ ಬಂಡೆ ಮೇಲೆ ಇರುತ್ತಲ್ಲ ಅದೇ ಥರ. ನನಗಂತೂ ಮುಟ್ಟಿ ನೋಡ್ಬೇಕು ಅನ್ನಿಸ್ತು, ಆದ್ರೆ ಸುತ್ತ ಗಿಡ್ಡ ಬೇಲಿ ಹಾಕಿದ್ದಾರೆ, ದಾಟೋದು ಕಷ್ಟ ಏನಲ್ಲ, ಆದ್ರೂ ಅಲ್ಲಿದ್ದವರು ಯಾರೂ ದಾಟಲಿಲ್ಲ. ನಾನೂ ದಾಟಲಿಲ್ಲ.

ಎದುರಿಗೇ ಮ್ಯೂಸಿಯಂ ಇದೆ. ಅಷ್ಟು ದೊಡ್ಡ ಬಂಡೆ ಹೆಂಗೆ ಏರಿಸಿದ್ರು ಅಂತ ಸಣ್ಣ ಸಣ್ಣ ಗೊಂಬೆ ಇಟ್ಟು ತೋರಿಸಿದ್ದಾರೆ, ಬಂಡೆ ಕೆಳಗೆ ಮರದ ದಿಮ್ಮಿ ಉರುಳು ಹಾಕಿ ಹಗ್ಗ ಕಟ್ಟಿ ಎಳೆಯೋದು, ನಿಲ್ಲಿಸಿದ ಕಲ್ಲಿನ ತಲೆ ತನಕ ಮಣ್ಣು ತುಂಬಿ ಇಳಿಜಾರು ಮಾಡೋದು, ಬಂಡೆ ಮೇಲೆ ಕೂತಮೇಲೆ ಮಣ್ಣೆಲ್ಲ ತೆಗೆಯೋದು. ನಮ್ಮ ಕಡೆ ದೊಡ್ಡ ದೇವಸ್ಥಾನಗಳಿಗೆ ಕಲ್ಲು ಹೆಂಗೆ ಏರಿಸಿದ್ರು ಅಂತ ಕೇಳಿದ್ರೂ ಇದನ್ನೇ ಹೇಳ್ತಾರೆ. ಹೊರಗೆ ಹುಲ್ಲಲ್ಲಿ ಸ್ಕೂಲ್ ಮಕ್ಕಳು ಕೂತು ಆ ಕಲ್ಲಿನ ಚಿತ್ರ ಬರೀತಿದ್ರು, ಒಬ್ಬ ಹುಡುಗ ಮೇಲಿನ ಬಂಡೆನ ಎಷ್ಟು ದೊಡ್ಡದು ಮಾಡಿದ್ದ ಅಂದ್ರೆ ಕಾಲಿಗೆ ಪೇಪರಲ್ಲಿ ಜಾಗಾನೇ ಉಳಿದಿರಲಿಲ್ಲ.

ಇಂಥ ಕಲ್ಲಿನ ಗೋರಿಗೆ ಇಂಗ್ಲಿಷಲ್ಲಿ ಡಾಲ್ಮೆನ್ ಅಂತಾರೆ, ಅವರು ಗೋಯಿಂದೋಲ್ ಅಂತಾರೆ. ದೋಲ್ ಅಂದ್ರೆ ಕಲ್ಲು, ಒಟ್ಟು ಅರ್ಥ ಆನಿಸಿಟ್ಟ ಕಲ್ಲು. ಮಗಳು ಇದನ್ನ ಹೇಳಿದಾಗ ನನಗೆ ಏನೋ ಚುಚ್ಚಿದಂಗಾಯ್ತು, ಈ ಪತ್ರ ಬರೆಯೋಕೆ ಅದೇ ಕಾರಣ.

ಯಾಕಂದ್ರೆ ನಮ್ಮ ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದ ಹಿರೇಬೆಣಕಲ್ ಗುಡ್ಡದ ಮೇಲೆ ಇಂಥವು ಒಂದಲ್ಲ ಎರಡಲ್ಲ, ಎಲ್ಲ ಥರದ್ದೂ ಸೇರಿ ಸುಮಾರು 400 ಇವೆ. ನಾಲ್ಕೂ ಕಡೆ ಚಪ್ಪಡಿ ನಿಲ್ಲಿಸಿ ಮೇಲೆ ಮುಚ್ಚಿದ್ದು, ಎಷ್ಟೋ ಕಲ್ಲಲ್ಲಿ ದುಂಡಗೆ ಕಿಂಡಿ ಕೊರೆದಿದ್ದಾರೆ, ಅದಂತೂ ನಾನು ಗಂಗ್‌ಹ್ವಾದಲ್ಲಿ ನೋಡಲಿಲ್ಲ. ಬಡಿದ್ರೆ ದೂರಕ್ಕೆ ಕೇಳೋ ನಗಾರಿ ಆಕಾರದ ಗುಂಡು ಇದೆ, ಬಂಡೆ ಮೇಲೆ ಚಿತ್ರಗಳಿವೆ. ನಿಜಾಮರ ಕಡೆ ಕೆಲಸದಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬರು 1835ರಲ್ಲೇ ಬಂದು ನೋಡಿ ಹೋಗಿದ್ದಾರೆ. ಗಂಗ್‌ಹ್ವಾದ ಕಲ್ಲುಗಳು ಕೊರಿಯಾದ್ದೇ ಗೋಚಾಂಗ್, ಹ್ವಾಸುನ್ ಕಡೆಯ ಕಲ್ಲುಗಳ ಜೊತೆ 2000ದಲ್ಲೇ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು, ನಮ್ಮದು 2021ರಲ್ಲಿ ತಾತ್ಕಾಲಿಕ ಪಟ್ಟಿಗೆ ಬಂತು. ಅದು ಸಂತೋಷ.

ನಮ್ಮಜ್ಜಿ ಇದನ್ನ ಯಾವತ್ತೂ ಸಮಾಧಿ ಅಂದವಳೇ ಅಲ್ಲ. "ಅವು ಮೋರ್ಯಾರ ಮನಿ, ಗಿಡ್ಡಗಿದ್ರಂತ ಅವರು, ಬೆಂಕಿ ಮಳಿ ಬರ್ತೈತಿ ಅಂತ ಗೊತ್ತಾಗಿ ಕಲ್ಲಿನ ಮನಿ ಕಟ್ಕೊಂಡ್ರಂತ" ಅನ್ನೋಳು. ಕಿಂಡಿ ಯಾಕಜ್ಜಿ ಅಂದ್ರೆ, ಗಿಡ್ಡರಿಗೆ ಅಷ್ಟೇ ಬಾಗ್ಲು ಸಾಕಲ್ಲ ಅನ್ನೋಳು. ಕಥೆ ನಿಜ ಅಂತ ನಾನೇನೂ ವಾದ ಮಾಡ್ತಿಲ್ಲ, 30 ವರ್ಷ ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳು ನಾನು, ಅದು ಬೃಹತ್ ಶಿಲಾಯುಗದ ಗೋರಿ ಅಂತ ನನಗೂ ಗೊತ್ತು. ಆದ್ರೆ ಕೊರಿಯಾದವರು ತಮ್ಮ ಜನ ಕರೆಯೋ ಹೆಸರನ್ನೇ ಬೋರ್ಡಿಗೂ ಹಾಕಿ ಪುಸ್ತಕಕ್ಕೂ ಹಾಕಿದ್ದಾರೆ, ನಮ್ಮ ಮಕ್ಕಳು ಮಾತ್ರ ಪರೀಕ್ಷೆಗೆ ಡಾಲ್ಮೆನ್ ಡಾಲ್ಮೆನ್ ಅಂತ ಬಾಯಿಪಾಠ ಮಾಡಿ ಪಕ್ಕದ ಗುಡ್ಡದಲ್ಲಿರೋ ಮೋರ್ಯರ ಮನೆ ಅದೇ ಅಂತ ಗೊತ್ತಿಲ್ಲದೆ ಪಾಸಾಗಿಬಿಡ್ತಾರೆ. ನನ್ನ ಕ್ಲಾಸಲ್ಲೇ ಆಗಿದೆ ಇದು, ತಪ್ಪು ನನ್ನದೂ ಇದೆ.

ನಾನು ಕೊನೇ ಸಲ ಗುಡ್ಡ ಹತ್ತಿದಾಗ ದಾರಿ ತೋರಿಸಿದ್ದು ಒಬ್ಬ ಕುರಿ ಕಾಯೋ ಹುಡುಗ. ಅವನಿಲ್ಲದಿದ್ರೆ ಬಂಡೆ ನಡುವೆ ಸುತ್ತಿ ಸುತ್ತಿ ವಾಪಸ್ ಬರ್ತಿದ್ವಿ. ಮೇಲೆ ಕೆಲವು ಮನೆಗಳ ಚಪ್ಪಡಿ ಮಗುಚಿ ಬಿದ್ದಿದ್ವು, ನಿಧಿ ಆಸೆಗೆ ಅಗೆದಿದ್ದಾರೆ ಅಂದ ಅವನು. ಇದನ್ನೆಲ್ಲ ಮನೆಯವರಿಗೆ ಹೇಳಿದ್ರೆ, ಕೊರಿಯಾದವರ ಹತ್ರ ದುಡ್ಡಿದೆ ಮಾಡ್ತಾರೆ ಬಿಡು ಅಂದ್ರು. ಬೋರ್ಡಿಗೆ ಎಷ್ಟು ದುಡ್ಡು ಬೇಕು ಹೇಳಿ?

ಮೇಲಿನ ತನಕ ಕಾಂಕ್ರೀಟ್ ಮೆಟ್ಟಿಲು, ಬಣ್ಣದ ಲೈಟು, ಸೆಲ್ಫಿ ಪಾಯಿಂಟ್ ಇವೆಲ್ಲ ದಯವಿಟ್ಟು ಬೇಡ, ಆ ಗುಡ್ಡ ಹತ್ತಿ ಸುಸ್ತಾಗಿ ಕೂತಾಗಲೇ ಅದರ ರುಚಿ. ಕೆಳಗೆ ಕುಡಿಯೋ ನೀರು, ಒಂದು ಶೌಚಾಲಯ, ದಾರಿಯುದ್ದಕ್ಕೂ ಬಂಡೆಗೆ ಬಣ್ಣ ಬಳಿಯದೆ ನೆಟ್ಟ ಬಾಣದ ಗುರುತು, ಮತ್ತೆ ಆ ಹುಡುಗನಂಥ ಊರಿನ ನಾಲ್ಕು ಜನಕ್ಕೆ ಗೈಡ್ ಕೆಲಸ. ಬೋರ್ಡ್ ಬರೆಸೋವಾಗ ಮೊದಲ ಸಾಲಲ್ಲಿ ದಪ್ಪ ಅಕ್ಷರದಲ್ಲಿ ಮೋರ್ಯರ ಮನೆ ಅಂತ ಇರಲಿ, ಬೃಹತ್ ಶಿಲಾಯುಗ, ಯುನೆಸ್ಕೋ ಎಲ್ಲ ಅದರ ಕೆಳಗೆ ಬರೀಲಿ.

– ಒಬ್ಬ ನಿವೃತ್ತ ಶಿಕ್ಷಕಿ, ಗಂಗಾವತಿ