ಬೊಂಡದೇಶದ ಕಾರಿಗೆ ಸ್ಪೇರ್ ಎಲ್ಲಿ ಸಿಗುತ್ತದೆ?

ಮಾನ್ಯರೆ,

ಉಡುಪಿಯ ಶಾಲೆಯೊಂದರ ಮಕ್ಕಳು ತಮ್ಮದೇ ದೇಶಗಳನ್ನು ಕಲ್ಪಿಸಿ ಮಾಡಿದ ಪ್ರದರ್ಶನದ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಬಾವುಟ, ನಾಣ್ಯಗಳ ಫೋಟೋ ಚೆಂದ ಬಂದಿದೆ. ಆದರೆ ನನ್ನ ಅಕ್ಕನ ಮೊಮ್ಮಗನ ತಂಡದ 'ಬೊಂಡದೇಶ'ಕ್ಕೆ ಸಿಕ್ಕಿದ್ದು ಒಂದೇ ಸಾಲು. ಮಂಗಳೂರಿನಲ್ಲಿ 32 ವರ್ಷ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ನಿಂತವನಿಗೆ ಅದು ಸಾಲಲಿಲ್ಲ.

ಬೊಂಡದೇಶದಲ್ಲಿ ನಾಲ್ಕು ಸಣ್ಣ ಕಾರು ಕಂಪನಿಗಳಿವೆ. ಒಂದು ಹಡಗು ತುಂಬುವಷ್ಟು ಕಾರು ಯಾರೊಬ್ಬರಲ್ಲೂ ಇಲ್ಲ. ಹಾಗಾಗಿ ಸೇರಿ ಸಹಕಾರ ಸಂಘ ಮಾಡಿಕೊಂಡಿದ್ದಾರೆ. ಕಾರು ಅವರವರದ್ದೇ. ಹೊರದೇಶದ ಆರ್ಡರು, ಹಡಗು, ವಿಮೆ, ಶೋರೂಮು ಸಂಘದ್ದು. ಕಳಿಸಿದ ಕಾರಿನ ಲೆಕ್ಕದಲ್ಲಿ ಲಾಭ ಹಂಚಿಕೆ. "ಇದೆಲ್ಲ ಎಲ್ಲಿಂದ ಹೊಳೆಯಿತು ಮಾರಾಯ?" ಎಂದು ಕೇಳಿದೆ. "ಹೆಬ್ರಿ ಅಜ್ಜ ಕ್ಯಾಂಪ್ಕೊಗೆ ಅಡಿಕೆ ಕೊಡ್ತಾರಲ್ಲ, ಹಾಗೇ" ಎಂದ.

ನನಗೆ ಖುಷಿಯಾದದ್ದು ಇಲ್ಲಿ. ಅಡಿಕೆ ಧಾರಣೆ ನೆಲ ಕಚ್ಚಿದ್ದ ಕಾಲದಲ್ಲಿ, 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರ ಸಂಘ ಈ ಕ್ಯಾಂಪ್ಕೊ. ಆಮೇಲೆ ಕೊಕ್ಕೊವನ್ನೂ ಕೈಗೆತ್ತಿಕೊಂಡು 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಫ್ಯಾಕ್ಟರಿ ತೆರೆಯಿತು. ಅಡಿಕೆಯಿಂದ ಕಾರಿಗೆ ಹಾರಿದ್ದು ಹುಡುಗನ ಸ್ವಂತ ತಲೆ.

ಆದರೆ ಅಡಿಕೆ ಮಾರಿದರೆ ಅಲ್ಲಿಗೆ ಮುಗಿಯಿತು. ತಿಂದವನು ಆರು ತಿಂಗಳ ನಂತರ ಬಂದು ರಿಪೇರಿ ಕೇಳುವುದಿಲ್ಲ. ಕಾರು ಹಾಗಲ್ಲ, ಅಲ್ವಾ?

ಅವರ ನಕ್ಷೆಯಲ್ಲಿ ಮೊದಲ ಬಾಣ ದುಬೈಗೆ. ಸ್ಟಿಯರಿಂಗ್ ಮಾತ್ರ ನಮ್ಮ ಹಾಗೆ ಬಲಕ್ಕೆ, ಅಲ್ಲಿ ಅದು ಎಡಕ್ಕಿರಬೇಕು. ಗಲ್ಫಿನಿಂದ ರಜೆಗೆ ಬಂದ ನನ್ನ ಭಾವ ಮೊದಲ ದಿನ ಎಡಬಾಗಿಲು ತೆಗೆದು ಕೂತು ಸ್ಟಿಯರಿಂಗ್ ಹುಡುಕಿದ ಕತೆ ಹೇಳಿದೆ. ಹುಡುಗರು ಅಲ್ಲೇ ರಬ್ಬರಿನಿಂದ ಉಜ್ಜಿ ಎಡಕ್ಕೆ ಬರೆದರು. ಬೆಂಗಳೂರಿನ ರೇವಾ ಎಲೆಕ್ಟ್ರಿಕ್ ಕಾರು ಲಂಡನ್ನಿಗೆ ಹೋದಾಗ ಆ ತಾಪತ್ರಯ ಇರಲಿಲ್ಲ, ಅಲ್ಲೂ ನಮ್ಮ ಹಾಗೆ ಗಾಡಿ ರಸ್ತೆಯ ಎಡಬದಿಗೇ ಓಡುವುದು, ಸ್ಟಿಯರಿಂಗ್ ಬಲಕ್ಕೇ. ಆದರೆ ಅಲ್ಲಿನ ಕಾನೂನು ಅದನ್ನು ಕಾರು ಎಂದೇ ಒಪ್ಪಲಿಲ್ಲ, ನಾಲ್ಕು ಚಕ್ರದ ಹಗುರ ಗಾಡಿಗಳ ಪಟ್ಟಿಗೆ ಸೇರಿಸಿತು.

ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ 'ಎಲ್ಲರಿಗಿಂತ ಅಗ್ಗ' ಎಂದೂ ಇತ್ತು. ಯುಗೊಸ್ಲಾವಿಯದ ಯುಗೊ ಕಾರು 1985ರಲ್ಲಿ ಅಮೆರಿಕಕ್ಕೆ ಕಾಲಿಟ್ಟದ್ದೂ ಹೀಗೇ, 3,990 ಡಾಲರಿಗೆ. ಮೊದಲಿಗೆ ಜನ ಮುಗಿಬಿದ್ದರು. ಆಮೇಲೆ ಅದರ ಮೇಲೆ ಹುಟ್ಟಿದ ಜೋಕುಗಳೇ ಜಾಸ್ತಿ. 1992ರ ಹೊತ್ತಿಗೆ ಅಲ್ಲಿ ಮಾರಾಟ ನಿಂತಿತು. ದೇಶವೂ ಒಡೆದಿತ್ತು, ಅದನ್ನೂ ಹೇಳಬೇಕು.

ನನ್ನ ಕತೆ ಕೇಳಿ. ನಾನೂ ಒಂದು ವಿದೇಶಿ ಕಾರು ಕೊಂಡಿದ್ದೆ. ಕಂಪನಿ ಇಲ್ಲಿ ಅಂಗಡಿ ಮುಚ್ಚಿ ಹೋಯಿತು. ಮರುವರ್ಷ ಜುಲೈಯಲ್ಲಿ ಡ್ರೈವರ್ ಬದಿಯ ಗ್ಲಾಸು ಇಳಿದದ್ದು ಮೇಲೆ ಬರಲೇ ಇಲ್ಲ. ಒಳಗಿನ ಗ್ಲಾಸ್ ಏರಿಸುವ ಮೆಷಿನ್ ಹೋಗಿತ್ತು. ಅಂಗೈಯಷ್ಟು ಸಾಮಾನು. ಸ್ಪೇರ್ ಮಾರುವವನಿಗೇ ಸ್ಪೇರ್ ಇಲ್ಲ! ಮಂಗಳೂರಿನ ಮಳೆ ನಿಮಗೆ ಗೊತ್ತಲ್ಲ. ಹಾಲಿನ ಪ್ಯಾಕೆಟ್ ಬರುವ ದಪ್ಪ ಪ್ಲಾಸ್ಟಿಕ್ ಚೀಲ ಕತ್ತರಿಸಿ, ಬ್ರೌನ್ ಟೇಪ್ ಅಂಟಿಸಿ ಒಂದೂವರೆ ತಿಂಗಳು ಓಡಿಸಿದೆ. ಬಲಕ್ಕೆ ತಿರುಗಬೇಕಾದರೆ ಪಕ್ಕದಲ್ಲಿ ಕೂತ ಹೆಂಡತಿ ತಲೆ ಬಗ್ಗಿಸಿ, "ಬಸ್ಸಿಲ್ಲ, ಹೋಗಿ" ಎನ್ನಬೇಕು. ಕೊನೆಗೆ ಗುಜರಿಯಲ್ಲಿ ಬಿದ್ದಿದ್ದ ಅದೇ ಮಾಡೆಲಿನ ಕಾರಿನಿಂದ ಕಳಚಿ ತಂದೆ.

ಸಂಘ ಇದ್ದರೆ ದೊಡ್ಡ ಲಾಭ ಇಲ್ಲೇ. ನಾಲ್ಕು ಕಂಪನಿಗಳೂ ಬ್ರೇಕ್ ಪ್ಯಾಡ್, ಫಿಲ್ಟರ್, ಗ್ಲಾಸಿನ ಮೆಷಿನ್ ಒಂದೇ ಅಳತೆಯಲ್ಲಿ ಮಾಡಿದರೆ ದುಬೈಯಲ್ಲಿ ಒಂದೇ ಗೋಡೌನ್ ಸಾಕು. ಒಂದು ಕಂಪನಿ ಮುಳುಗಿದರೂ ಅದರ ಕಾರು ಕೊಂಡವನು ಪ್ಲಾಸ್ಟಿಕ್ ಅಂಟಿಸಬೇಕಾಗಿಲ್ಲ.

ತೀರ್ಪುಗಾರರು ಇದನ್ನೆಲ್ಲ ಕೇಳಲೇ ಇಲ್ಲವಂತೆ. ಕಾರಿನ ಬಣ್ಣ ನೋಡಿ ಮೂರನೇ ಬಹುಮಾನ ಕೊಟ್ಟು ಮುಂದೆ ಹೋದರಂತೆ. ಮುಂದಿನ ವರ್ಷ ಅವರ ಸಾಲಿನಲ್ಲಿ ಒಬ್ಬ ಗ್ಯಾರೇಜ್ ಮೆಕ್ಯಾನಿಕ್‌ನನ್ನೂ ಕೂರಿಸಲಿ. ನಿಮ್ಮ ವರದಿಗಾರರೂ ಹುಡುಗರನ್ನು ನಾಲ್ಕು ಮಾತು ಕೇಳಲಿ.

ಮೊನ್ನೆ ಹುಡುಗ ಫೋನ್ ಮಾಡಿ, ಗೋಡೌನ್ ಮಾಡಲು ಖಾಲಿ ರಟ್ಟಿನ ಪೆಟ್ಟಿಗೆ ಇದೆಯಾ ಎಂದ. ಬ್ರೇಕ್ ಪ್ಯಾಡಿನದ್ದು ಎರಡು ತೆಗೆದಿಟ್ಟಿದ್ದೇನೆ.

ಇತಿ,
ಒಬ್ಬ ಓದುಗ
ಬಿಜೈ, ಮಂಗಳೂರು