ಬೆಂಚಿನ ಮೇಲೆ ನಿಂತ ಗೆಳೆಯನಿಗೆ

ಹೊಳಲ್ಕೆರೆ ಕಡೆಯ ತೋಟದಿಂದ

ಲೇ ದೋಸ್ತ,

ನೀನು ಬೆಂಗಳೂರಲ್ಲಿ ಗೊರಕೆ ಹೊಡೀತಿರ್ತೀಯ. ಈ ವಾರ ನಮಗೆ ರಾತ್ರಿ ಪಾಳಿ ಕರೆಂಟು. ಹತ್ತಕ್ಕೆ ಬರಬೇಕಾದ ತ್ರೀ ಫೇಸು ಹನ್ನೊಂದಾದರೂ ಪತ್ತೆಯಿಲ್ಲ. ಮೋಟಾರು ಮನೆ ಮುಂದೆ ಗೋಣಿಚೀಲ ಹಾಸಿ, ದಕ್ಷಿಣಕ್ಕೆ ಕಾಲು ಚಾಚಿ ಮಲಗಿದ್ದೀನಿ. ಅಮಾವಾಸ್ಯೆ. ಗುಡ್ಡದ ಮೇಲಿನ ಗಾಳಿ ವಿದ್ಯುತ್ ಫ್ಯಾನುಗಳ ಕೆಂಪು ದೀಪ ಬಿಟ್ಟರೆ ಬರೀ ಚುಕ್ಕಿ.

ನೆತ್ತಿ ಮೇಲೆ ಮಹಾವ್ಯಾಧ, ಬೇಟೆಗಾರನ ಆಕಾರದ ಚುಕ್ಕಿಗಳ ಗುಂಪು. ನನ್ನ ಎಡಕ್ಕೆ ಕಾಣೋ ಅವನ ಭುಜದಲ್ಲಿ ಕೆಂಪಗಿರೋದು ಆರಿದ್ರ. ನಮ್ಮಪ್ಪ ಜೀವಮಾನವೆಲ್ಲ ಆರಿದ್ರ ಮಳೆ ಕಾದರು, ಆ ಚುಕ್ಕಿ ಯಾವುದು ಅಂತ ಮಾತ್ರ ಗೊತ್ತಿರಲಿಲ್ಲ. ಗೊತ್ತಾಗೋದಾದರೂ ಹೇಗೆ? ಮಳೆ ಹೊತ್ತಿಗೆ ಸೂರ್ಯನೇ ಅದರ ಹತ್ತಿರ ಕೂತಿರ್ತಾನೆ, ಚುಕ್ಕಿ ಕಾಣೋದೇ ಇಲ್ಲ!

ಆಗ ನಿನ್ನ ನೆನಪಾಯ್ತು. ಏಳನೇ ಕ್ಲಾಸಲ್ಲಿ ಎದ್ದು ನಿಂತು ಕೇಳಿದ್ಯಲ್ಲ, 'ಸೂರ್ಯನಿಗೂ ನಮಗೂ ಮಧ್ಯದಲ್ಲಿ ಗಾಳೀನೇ ಇಲ್ಲ ಅಂದ್ರೆ ಬೆಳಕು ಯಾವುದರ ಮೇಲೆ ಬರುತ್ತೆ ಸಾರ್?' ಮೇಷ್ಟ್ರು ನಿನ್ನ ಬೆಂಚು ಹತ್ತಿಸಿದರು. ನಕ್ಕಿದ್ದಕ್ಕೆ ನನ್ನನ್ನೂ.

ನಿನ್ನದು ತಲೆಹರಟೆ ಅಲ್ಲವೋ. ಹತ್ತೊಂಬತ್ತನೇ ಶತಮಾನದ ದೊಡ್ಡ ವಿಜ್ಞಾನಿಗಳೂ ಇದನ್ನೇ ಕೇಳ್ತಿದ್ದರು. ಕೆರೆಯ ಅಲೆಗೆ ನೀರು ಬೇಕು. ಕ್ವಾರಿಯಲ್ಲಿ ಕಲ್ಲು ಸಿಡಿದರೆ ಧೂಳು ಮೊದಲು ಕಾಣುತ್ತೆ, ಸದ್ದು ಆಮೇಲೆ ಗಾಳಿಯಲ್ಲಿ ತೆವಳಿಕೊಂಡು ಬರುತ್ತೆ, ಸೆಕೆಂಡಿಗೆ ಸುಮಾರು 340 ಮೀಟರು. ಬೆಳಕೂ ಅಲೆ ತಾನೇ, ಅದಕ್ಕೂ ಏನಾದರೊಂದು ಇರಲೇಬೇಕು ಅಂತ 'ಈಥರ್' ಅನ್ನೋದನ್ನ ಆಕಾಶದ ತುಂಬ ತುಂಬಿದರು. ಕಂಡವರು ಯಾರೂ ಇಲ್ಲ. 1887ರಲ್ಲಿ ಅಮೆರಿಕದ ಮೈಕೆಲ್ಸನ್ ಮತ್ತು ಮಾರ್ಲೆ ಹುಡುಕಿಯೇ ಬಿಡೋಣ ಅಂತ ಹೊರಟರು. ಭೂಮಿ ಈಥರಿನೊಳಗೆ ಓಡ್ತಿದ್ದರೆ, ಓಟದ ದಿಕ್ಕಿಗೂ ಅಡ್ಡ ದಿಕ್ಕಿಗೂ ಬೆಳಕಿನ ವೇಗದಲ್ಲಿ ವ್ಯತ್ಯಾಸ ಕಾಣಬೇಕಲ್ಲ? ಅವರು ಎಣಿಸಿದ ವ್ಯತ್ಯಾಸ ಸಿಗಲೇ ಇಲ್ಲ.

ಉತ್ತರ ನನ್ನ ಪಕ್ಕದ ಮೋಟಾರಿನಲ್ಲೇ ಇದೆ ಕಣೋ. ಹೋದ ತಿಂಗಳು ಸುಟ್ಟುಹೋಗಿ ವೈಂಡಿಂಗಿಗೆ ಕೊಟ್ಟಾಗ ತಂತಿ ಸುತ್ತೋದನ್ನ ನೋಡ್ತಾ ಕೂತಿದ್ದೆ. ಆಯಸ್ಕಾಂತದ ಬಲ ಏರಿಳಿದರೆ ವಿದ್ಯುತ್ತು ಹುಟ್ಟುತ್ತೆ, ಇದು ಫ್ಯಾರಡೆ ಕಂಡಿದ್ದು. ವಿದ್ಯುತ್ ಬಲ ಏರಿಳಿದರೆ ಕಾಂತಬಲವೂ ಹುಟ್ಟಬೇಕು ಅಂದವನು ಮ್ಯಾಕ್ಸ್‌ವೆಲ್. ಎರಡನ್ನೂ ಸೇರಿಸಿ, ಒಂದನ್ನೊಂದು ಹುಟ್ಟಿಸ್ಕೊಂಡು ಹೋಗೋ ಈ ಅಲೆಯ ವೇಗ ಲೆಕ್ಕ ಹಾಕಿದರೆ ಬಂದದ್ದು ಬೆಳಕಿನ ವೇಗವೇ! ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಅಂದರೆ ಅದು ಯಾವುದರ ಮೇಲೂ ಬರಲ್ಲ. ತನ್ನ ದಾರಿ ತಾನೇ ಹಾಸ್ಕೊಂಡು ಬರುತ್ತೆ. ಮ್ಯಾಕ್ಸ್‌ವೆಲ್‌ಗೂ ಈಥರ್ ಬಿಡೋಕೆ ಮನಸ್ಸಿರಲಿಲ್ಲ ಅನ್ನೋದು ಬೇರೆ ಮಾತು. ಅದು ಬೇಕಾಗೇ ಇಲ್ಲ ಅಂತ 1905ರಲ್ಲಿ ಹೇಳಿದವನು ಐನ್‌ಸ್ಟೈನ್.

ಆದರೂ ದೂರ ದೂರವೇ. ಸೂರ್ಯನಿಂದ ಎಂಟು ನಿಮಿಷ ಚಿಲ್ಲರೆ. ವ್ಯಾಧನ ಇನ್ನೊಂದು ಭುಜದ ಬಿಳಿ ಚುಕ್ಕಿ ಇದೆಯಲ್ಲ, ಅಲ್ಲಿಂದ ಸುಮಾರು 250 ವರ್ಷ. 1779ರಲ್ಲಿ ಹೈದರಾಲಿ ನಮ್ಮ ಚಿತ್ರದುರ್ಗದ ಕೋಟೆ ಹಿಡಿದ ಆಸುಪಾಸಿನಲ್ಲಿ ಹೊರಟ ಬೆಳಕು ಈಗ ತಾನೇ ಈ ಗೋಣಿಚೀಲದ ಮೇಲೆ ಬೀಳ್ತಿದೆ.

'ಆ ವಿದ್ಯುತ್ ಬಲ, ಕಾಂತಬಲ ಅಂದರೆ ಏನು, ಬರೀ ಜಾಗದಲ್ಲಿ ಅದು ಹೇಗಿರುತ್ತೆ?' ಅಂತ ಕೇಳೇ ಕೇಳ್ತೀಯ. ಅದಕ್ಕೆ ಇಬ್ಬರೂ ಮತ್ತೆ ಬೆಂಚು ಹತ್ತಬೇಕಾಗುತ್ತೆ. ಯುಗಾದಿಯೊಳಗೆ ಒಂದು ಅಮಾವಾಸ್ಯೆಗೆ ಬಾ, ಬೈನಾಕ್ಯುಲರ್ ತಗೊಂಡು.

ಕರೆಂಟು ಬಂತು. ವಾಲ್ವ್ ತಿರುಗಿಸಬೇಕು.

ಇಂತಿ,
ಪಕ್ಕದ ಬೆಂಚಿನವನು