ಗೆಳೆಯನಿಗೊಂದು ಪತ್ರ: ಸೆಲ್ಫ್ ತೆಗೆದುಕೊಳ್ಳದ ಕಾರು

ಕ್ಯುಪರ್ಟಿನೊ, ಕ್ಯಾಲಿಫೋರ್ನಿಯಾ

ಪ್ರೀತಿಯ ಗೆಳೆಯನಿಗೆ,

ನಾವಿಲ್ಲಿ ಕ್ಷೇಮ. ನೀನು ಕಳುಹಿಸಿದ ಧ್ವನಿ ಸಂದೇಶವನ್ನು ಮೂರು ಸಲ ಕೇಳಿದೆ. ಹಿಂದೆ ಯಾರೋ ಲಾರಿಯ ಬ್ರೇಕ್ ಡ್ರಮ್ಮಿಗೆ ಸುತ್ತಿಗೆಯಿಂದ ಬಡಿಯುವ ಸದ್ದು, ಅದರ ನಡುವೆ ನಿನ್ನ ಮಾತು: "ಮಗ ಐಟಿಐ ಸೇರುತ್ತೇನೆ ಎಂದು ಹಟ ಹಿಡಿದಿದ್ದಾನೆ. ನಮ್ಮ ಗ್ಯಾರೇಜಿನಲ್ಲಿ ಸಿಗದ ಯಾವ ವಿದ್ಯೆ ಕ್ಲಾಸಿನಲ್ಲಿ ಸಿಗುತ್ತದೆ? ಈ ವಯಸ್ಸಿನಲ್ಲಿ ನೀನೂ ಅದನ್ನೇ ಓದುತ್ತಿದ್ದೀಯಲ್ಲ, ನೀನೇ ಹೇಳು." ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಗನ ವಿಚಾರದಲ್ಲಿ ನಿನ್ನಂತೆಯೇ ಯೋಚನೆಗೆ ಬಿದ್ದಿರುವ ಇನ್ನೂ ಎಷ್ಟೋ ಅಪ್ಪಂದಿರು ಇರಬಹುದು. ಅವರೂ ಓದಲಿ ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ನಿನ್ನ ಹೆಸರು ಎಲ್ಲೂ ಬರೆದಿಲ್ಲ.

ನಾನು ಕಾರು ರಿಪೇರಿ ಓದುತ್ತಿರುವುದು ಡಿ ಆಂಜಾ ಎಂಬ ಕಮ್ಯುನಿಟಿ ಕಾಲೇಜಿನಲ್ಲಿ. 1967ರಲ್ಲಿ ಶುರುವಾದ ಕಾಲೇಜು; ಇದೇ ಊರಿನಲ್ಲಿರುವ ಆಪಲ್ ಕಂಪನಿಗಿಂತ ಹಳೆಯದು. ಈ ರಾಜ್ಯದಲ್ಲಿ ಇಂಥ ಸರ್ಕಾರಿ ಕಾಲೇಜುಗಳು 116 ಇವೆ. ಅಂಕಪಟ್ಟಿ ನೋಡಿ ಆರಿಸುವ ಪದ್ಧತಿ ಇಲ್ಲ. ಹದಿನೆಂಟರ ಹುಡುಗನೂ ಬರಬಹುದು, ಹದಿನೆಂಟು ವರ್ಷ ಸಾಫ್ಟ್‌ವೇರ್ ಪರೀಕ್ಷಿಸಿ ಕಣ್ಣು ಸೋತ ನನ್ನಂಥವನೂ ಬರಬಹುದು. ಇಲ್ಲಿಯ ನಿವಾಸಿಗಳಿಗೆ ಒಂದು ಯೂನಿಟ್ಟಿಗೆ 31 ಡಾಲರ್ ಶುಲ್ಕ. ಹೊರಗಿನಿಂದ ಬಂದ ವಿದ್ಯಾರ್ಥಿಗಳಿಗೆ ಅದರ ಎಷ್ಟೋ ಪಟ್ಟು. ಹನ್ನೆರಡು ವಾರಕ್ಕೊಂದು ಅವಧಿ. ನಾನು ಸಂಜೆ ಕೆಲಸ ಮುಗಿಸಿ, ಊಟದ ಡಬ್ಬಿ ಹಿಡಿದು ಹೋಗುತ್ತೇನೆ. ನನ್ನ ಬೆಂಚಿನಲ್ಲಿ ಒಬ್ಬ ಮೆಕ್ಸಿಕೊ ಮೂಲದ ಹುಡುಗ, ಒಬ್ಬಳು ವಿಯೆಟ್ನಾಂ ಮೂಲದ ತಾಯಿ, ಒಬ್ಬರು ಸೇನೆಯಿಂದ ನಿವೃತ್ತರಾದವರು. ಮೊದಲ ತಿಂಗಳು ನನಗೆ ಮಾತೇ ತೊಡಕಾಗಿತ್ತು. ನಮ್ಮ ಸ್ಪ್ಯಾನರ್ ಇಲ್ಲಿ ರೆಂಚ್, ಬಾನೆಟ್ ಇಲ್ಲಿ ಹುಡ್, ಸೈಲೆನ್ಸರ್ ಇಲ್ಲಿ ಮಫ್ಲರ್, ಡಿಕ್ಕಿ ಇಲ್ಲಿ ಟ್ರಂಕ್.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಒಂದು ಕಾರಿನ ಕತೆ ಹೇಳಿದರೆ ನಿನಗೆ ಬೇಗ ತಿಳಿಯುತ್ತದೆ.

ಎಲೆಕ್ಟ್ರಿಕಲ್ ತರಗತಿಯ ಆರನೇ ವಾರ. ಲ್ಯಾಬಿಗೆ ಒಂದು ಹಳೆಯ ಸೆಡಾನ್ ಬಂದಿತ್ತು. ಕೀಲಿ ತಿರುಗಿಸಿದರೆ ಸೆಲ್ಫ್ ಸರಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲ; ಇಂಜಿನ್ ಮುದುಕನಂತೆ ಕೊಸರಾಡಿಕೊಂಡು ತಿರುಗುತ್ತಿತ್ತು. ನಿನ್ನ ಗ್ಯಾರೇಜಿಗೆ ಬಂದಿದ್ದರೆ ಏನು ಮಾಡುತ್ತಿದ್ದೆವು ಎಂದು ನನಗೂ ಗೊತ್ತು, ನಿನಗೂ ಗೊತ್ತು: ಮೊದಲು ಬೇರೆ ಬ್ಯಾಟರಿ ಇಟ್ಟು ನೋಡು, ಆಗದಿದ್ದರೆ ಸೆಲ್ಫ್ ಮೋಟಾರ್ ಬಿಚ್ಚಿ ವೈಂಡಿಂಗ್ ಅಂಗಡಿಗೆ ಕಳುಹಿಸು. ನಾನೂ ಅದನ್ನೇ ಹೇಳಿದೆ. ಮೇಷ್ಟ್ರು ಬೇಡ ಅನ್ನಲಿಲ್ಲ, ಹೊಸ ಬ್ಯಾಟರಿ ಕೊಟ್ಟರು. ಹಾಕಿದೆವು. ಇಂಜಿನ್ ಹಾಗೆಯೇ ಕೊಸರಾಡಿತು. ಆಮೇಲೆ ಮಲ್ಟಿಮೀಟರನ್ನು ನನ್ನ ಕೈಗಿತ್ತು, "ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದು ಇಂಜಿನ್ನಿನ ಮೈಗೆ ಮುಟ್ಟಿಸು" ಎಂದರು. ನನಗೆ ಅರ್ಥವಾಗಲಿಲ್ಲ. ಎರಡೂ ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ ತಾನೆ, ಅಲ್ಲಿ ವೋಲ್ಟೇಜ್ ಎಲ್ಲಿಂದ ಬರಬೇಕು? ಸುಮ್ಮನೆ ಇದ್ದಾಗ ಮೀಟರ್ ಸೊನ್ನೆಯನ್ನೇ ತೋರಿಸಿತು. ತರಗತಿಯ ಗೆಳೆಯನೊಬ್ಬ ಒಳಗೆ ಕೂತು ಕೀಲಿ ತಿರುಗಿಸಿದ ಕ್ಷಣ ಅಂಕಿ ಜಿಗಿಯಿತು: 1.4 ವೋಲ್ಟ್.

ಅಲ್ಲಿ ಇರಬೇಕಾದದ್ದು ಹೆಚ್ಚೆಂದರೆ 0.2. ಉಳಿದದ್ದನ್ನು ಅರ್ತ್ ದಾರಿಯೇ ನುಂಗುತ್ತಿತ್ತು. ಕೇಬಲ್ಲನ್ನು ಹಿಡಿದು ಬೆರಳಾಡಿಸುತ್ತ ಹೋದೆ. ಅದು ಇಂಜಿನ್ನಿಗೆ ಸೇರುವ ಬೋಲ್ಟಿನ ಬಳಿ, ಎಣ್ಣೆಯ ಜಿಡ್ಡಿನ ಕೆಳಗೆ, ಹಸಿರು ಮಿಶ್ರಿತ ಬಿಳಿ ಪುಡಿ ಕಟ್ಟಿತ್ತು. ನಮ್ಮ ಮನೆಯ ತಾಮ್ರದ ಹಂಡೆಗೆ ಹಿಡಿಯುತ್ತಿದ್ದ ಕಿಲುಬಿನಂತೆಯೇ. ಬೋಲ್ಟ್ ಬಿಚ್ಚಿ, ತಂತಿ ಬ್ರಶ್ಶಿನಿಂದ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿದೆ. ಮತ್ತೆ ಕೀಲಿ. ಮೀಟರಿನಲ್ಲಿ 0.1. ಇಂಜಿನ್ ಒಂದೇ ಏಟಿಗೆ ಹಿಡಿಯಿತು. ಬದಲಾಯಿಸಿದ ಸಾಮಾನು ಒಂದೂ ಇಲ್ಲ. ಹಳೆಯ ಬ್ಯಾಟರಿಯನ್ನೇ ವಾಪಸ್ ಕೂರಿಸಿದೆವು.

ಇದರಲ್ಲಿ ನನ್ನನ್ನು ತಟ್ಟಿದ್ದು ಬೋರ್ಡಿನ ಮೇಲಿನ ಲೆಕ್ಕ. ಸೆಲ್ಫ್ ಮೋಟಾರ್ ತಿರುಗುವಾಗ ಸುಮಾರು 150 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೋ. ಅಷ್ಟು ಕರೆಂಟು ಹರಿಯುವ ದಾರಿಯಲ್ಲಿ ಓಮಿನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ ಸಾಕು, ಒಂದೂವರೆ ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಮೀಟರನ್ನು ಓಮಿಗೆ ಇಟ್ಟು ಅಳೆದರೆ ಅಷ್ಟು ಸಣ್ಣ ತಡೆ ಗೊತ್ತೇ ಆಗುವುದಿಲ್ಲ, "ವೈರ್ ಸರಿಯಾಗಿದೆ" ಎನ್ನುತ್ತದೆ. ಭಾರ ಹೊತ್ತು ಕೆಲಸ ಮಾಡುವಾಗಲೇ ಅಳೆಯಬೇಕು. ಕರೆಂಟನ್ನು ತಡೆಯಿಂದ ಗುಣಿಸಿದರೆ ವೋಲ್ಟೇಜ್ ಎನ್ನುವ ಓಮನ ನಿಯಮವನ್ನು ನಾನು ಪಿಯುಸಿಯಲ್ಲಿ ಬಾಯಿಪಾಠ ಮಾಡಿ ಅಂಕ ತೆಗೆದಿದ್ದೆ. ಅದು ಒಂದು ಕಾರನ್ನು ಶುರು ಮಾಡಬಲ್ಲದು ಎಂದು ತಿಳಿದದ್ದು ನಲವತ್ತು ದಾಟಿದ ಮೇಲೆ. ನಿನ್ನ ಮಗನಿಗೆ ಅದು ಹದಿನೇಳಕ್ಕೇ ತಿಳಿಯಲಿ ಎಂದು ನನ್ನ ಆಸೆ.

ಹಾಗೆಂದು ನಿಮ್ಮಪ್ಪನ ವಿದ್ಯೆಯನ್ನು ಕೀಳು ಮಾಡುತ್ತಿದ್ದೇನೆ ಎಂದುಕೊಳ್ಳಬೇಡ. ಇಲ್ಲಿಗೆ ಬಂದ ಮೇಲೆ ಅವರ ಮೇಲಿನ ಗೌರವ ನನಗೆ ಇನ್ನೂ ಹೆಚ್ಚಾಗಿದೆ. ನೆನಪಿದೆಯಾ, ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು? ಟ್ಯಾಪೆಟ್ ಸದ್ದೋ, ಬೇರಿಂಗ್ ಸದ್ದೋ ಆ ಹಿಡಿಯಲ್ಲೇ ತಿಳಿಯುತ್ತಿತ್ತು. ಇಲ್ಲಿ ಅದಕ್ಕೆ ಡಾಕ್ಟರ ಸ್ಟೆತಾಸ್ಕೋಪಿನಂಥದ್ದೇ ಒಂದು ಉಪಕರಣವಿದೆ. ತುದಿಯಲ್ಲಿ ಉಕ್ಕಿನ ಕಡ್ಡಿ. ಅಂಬಾಸಿಡರ್ ಕಾರು ಕೆಮ್ಮಿಕೊಂಡು ಬಂದಾಗ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು, ಯಾವುದನ್ನು ಕಿತ್ತಾಗ ಇಂಜಿನ್ನಿನ ಓಟ ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಟ್ಟಿದೆ ಎನ್ನುತ್ತಿದ್ದರು. ನಮ್ಮ ಪಠ್ಯದಲ್ಲಿ ಸಿಲಿಂಡರ್ ಸಮತೋಲನ ಪರೀಕ್ಷೆ ಎಂದು ಅದೇ ವಿಧಾನಕ್ಕೆ ಒಂದು ಅಧ್ಯಾಯವಿದೆ. ಅದನ್ನು ಓದುವಾಗ ನನಗೆ ಅರಸೀಕೆರೆಯ ಹೆದ್ದಾರಿ ಬದಿಯ ಆ ತಗಡಿನ ಶೆಡ್ಡು, ತಿಪಟೂರಿಗೆ ಕೊಬ್ಬರಿ ಹೊತ್ತು ನಿಂತ ಲಾರಿಗಳು, ನಿಮ್ಮಪ್ಪನ ಖಾಕಿ ಚಡ್ಡಿ ಎಲ್ಲವೂ ಕಣ್ಣ ಮುಂದೆ ಬಂದವು.

ಈಗಿನ ಗಾಡಿಗಳಲ್ಲಿ ಕಿತ್ತು ನೋಡಲು ವೈರೇ ಇಲ್ಲ, ಪ್ರತಿ ಪ್ಲಗ್ಗಿನ ತಲೆಯ ಮೇಲೆ ಕಿಡಿ ಹೊಡೆಸುವ ಒಂದೊಂದು ಕಾಯಿಲ್. ಅಮೆರಿಕದಲ್ಲಿ 1996ರಿಂದ ಎಲ್ಲ ಕಾರುಗಳಿಗೂ ಸ್ಟೀರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದೇ ಬಗೆಯ ಸಾಕೆಟ್ ಕಡ್ಡಾಯ. ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಚುಚ್ಚಿದರೆ ಪಿ0301 ಎಂಬ ಕೋಡ್ ಬರುತ್ತದೆ: ಒಂದನೇ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ. ನಮ್ಮ ತರಗತಿಯ ಹುಡುಗರು ಕೋಡ್ ಕಂಡ ಕೂಡಲೇ ಹೊಸ ಕಾಯಿಲ್ ತರಲು ಓಡುತ್ತಿದ್ದರು. ತಪ್ಪು ಪ್ಲಗ್ಗಿನದೋ, ಕಾಯಿಲ್ಲಿನದೋ, ಇಂಜೆಕ್ಟರಿನದೋ, ವಾಲ್ವ್ ಸೋರುತ್ತಿದೆಯೋ, ಕೋಡಿನಲ್ಲಿ ಬರೆದಿರುವುದಿಲ್ಲ. ಒಂದನೇ ಕಾಯಿಲ್ಲನ್ನು ಮೂರನೆಯದರ ಜಾಗಕ್ಕೆ ಹಾಕಿ ಓಡಿಸು. ಕೋಡ್ ಪಿ0303 ಎಂದು ಬದಲಾದರೆ ಕಾಯಿಲ್ಲೇ ಕಳ್ಳ. ಇದು ನಿಮ್ಮಪ್ಪನ ಬುದ್ಧಿಯೇ ಅಲ್ಲವೇ? ಹೊಸ ಗಾಡಿಯ ಮೇಲೆ ಅದೇ ಬುದ್ಧಿ ಓಡಬೇಕಾದರೆ ಹೊಸ ಗಾಡಿಯ ಒಳಗು ತಿಳಿದಿರಬೇಕು, ಅಷ್ಟೇ. ನಮ್ಮಲ್ಲೂ 2020ರ ಏಪ್ರಿಲ್‌ನಿಂದ ಬಿಎಸ್6 ಎಂಬ ಹೊಗೆ ಮಿತಿಯ ನಿಯಮ ಬಂದ ಮೇಲೆ ನಿನ್ನ ಅಂಗಳಕ್ಕೆ ಬರುವ ಗಾಡಿಗಳಲ್ಲಿ ಎಷ್ಟು ಸೆನ್ಸರ್ ಸೇರಿಕೊಂಡಿವೆ ಎಂದು ನೀನೇ ಬೇಸರಪಟ್ಟಿದ್ದೆ.

ಬ್ರೇಕ್ ತರಗತಿಯ ಒಂದು ವಿಷಯವನ್ನು ನಿನಗೆ ಹೇಳಲೇಬೇಕು, ಇದನ್ನು ಮಾತ್ರ ಮಗನಿಗೆ ಕಾಯದೆ ನಾಳೆಯಿಂದಲೇ ಮಾಡು. ನಾವು ಡ್ರಮ್ ಬಿಚ್ಚಿದ ಕೂಡಲೇ ಕಂಪ್ರೆಸರಿನ ಗಾಳಿ ಹೊಡೆದು ಧೂಳು ಹಾರಿಸುತ್ತಿದ್ದೆವು. ಕರಿ ಮೋಡದಂತೆ ಏಳುತ್ತಿತ್ತು, ಅದರಲ್ಲೇ ನಿಂತು ಚಹಾ ಕುಡಿಯುತ್ತಿದ್ದೆವು. ಇಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಹಳೆಯ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಆ ಎಳೆಗಳು ಶ್ವಾಸಕೋಶ ಹೊಕ್ಕರೆ ಹತ್ತಾರು ವರ್ಷಗಳ ನಂತರ ರೋಗವಾಗಿ ಏಳಬಹುದು. ಯಾವ ಲೈನರಿನಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ನೀರು ಬೆರೆತ ದ್ರಾವಣ ಹರಿಸಿ, ಕೆಳಗೆ ತಟ್ಟೆ ಇಟ್ಟು, ಒದ್ದೆಯಾಗಿಯೇ ತೊಳೆಯುತ್ತೇವೆ. ಆ ಪಾಠದ ದಿನ ನಿಮ್ಮಪ್ಪನ ಕೊನೆಯ ವರ್ಷಗಳ ಕೆಮ್ಮು ಕಿವಿಯಲ್ಲಿ ಕೇಳಿತು. ಅದಕ್ಕೆ ಇದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ದಯವಿಟ್ಟು ಗಾಳಿ ಹೊಡೆಯುವುದನ್ನು ನಿಲ್ಲಿಸು, ಹುಡುಗರ ಕೈಯಲ್ಲೂ ಹೊಡೆಸಬೇಡ.

ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿದಾಗಲೂ ಹಾಗೆಯೇ. ಬೇಕಾದ ಎತ್ತರಕ್ಕೆ ಏರಿಸಿ, ಸ್ವಲ್ಪ ಇಳಿಸಿ, ಉಕ್ಕಿನ ಲಾಕ್ ಕಟಕ್ ಎಂದು ಕೂತ ಮೇಲೆಯೇ ಕೆಳಗೆ ಕಾಲಿಡಬೇಕು. ಪಕ್ಕದ ಗ್ಯಾರೇಜಿನಲ್ಲಿ ಜಾಕಿ ಜಾರಿ ಕೈ ಕಳೆದುಕೊಂಡ ಆ ಹುಡುಗ ನಮಗಿಂತ ಎರಡು ವರ್ಷ ಚಿಕ್ಕವನು. ಅವನ ತಪ್ಪೇನೂ ಇರಲಿಲ್ಲ, ಜಾಕಿಯ ಜೊತೆಗೆ ಸ್ಟ್ಯಾಂಡ್ ಇಡಬೇಕೆಂದು ಯಾರೂ ಅವನಿಗೆ ಕಲಿಸಿರಲಿಲ್ಲ.

ಇನ್ನು ಹೈಬ್ರಿಡ್, ಅಂದರೆ ಇಂಜಿನ್ ಜೊತೆಗೆ ಕರೆಂಟಿನ ಮೋಟಾರೂ ಇರುವ ಗಾಡಿಗಳಲ್ಲಿ ಹೆಚ್ಚಿನ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ವೈರು. 2022ರ ನವೆಂಬರಿನಲ್ಲಿ ಪರಿಚಯವಾದ ಟೊಯೋಟಾ ಕಂಪನಿಯ ಇನ್ನೋವಾ ಹೈಕ್ರಾಸ್ ನಮ್ಮ ಬಿಡದಿಯಲ್ಲೇ ತಯಾರಾಗುತ್ತದೆ. ಅದರ ಹೈಬ್ರಿಡ್ ಗಾಡಿಗಳು ವಾರಂಟಿ ಮುಗಿದ ಮೇಲೆ ನಿನ್ನಂಥ ಗ್ಯಾರೇಜಿಗೇ ಬರುತ್ತವೆ. ಅವುಗಳಲ್ಲಿ ಓಡುವ ವೋಲ್ಟೇಜ್ ಮನುಷ್ಯನನ್ನು ಕೊಲ್ಲಬಲ್ಲದು. ನಮಗೆ ಇಲ್ಲಿ 1,000 ವೋಲ್ಟ್‌ವರೆಗಿನ ಕೆಲಸಕ್ಕೆ ಮಾಡಿದ ರಬ್ಬರ್ ಕೈಗವಸು ಕೊಡುತ್ತಾರೆ. ಹಾಕಿಕೊಳ್ಳುವ ಮುನ್ನ ಅದರ ಬಾಯಿಯನ್ನು ಸುರುಳಿ ಸುತ್ತಿ, ಒಳಗಿನ ಗಾಳಿಯನ್ನು ಬೆರಳುಗಳ ಕಡೆಗೆ ಒತ್ತಿ, ಕೆನ್ನೆಯ ಬಳಿ ಹಿಡಿದು ನೋಡುತ್ತೇವೆ. ಸೂಜಿ ಮೊನೆಯಷ್ಟು ತೂತಿದ್ದರೂ ಗಾಳಿ ತಾಗುತ್ತದೆ. ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ಗನ್ನು ಎಳೆದು ತೆಗೆದ ಮೇಲೆ, ಬೇರೆ ಯಾರೂ ಅದನ್ನು ವಾಪಸ್ ಚುಚ್ಚದಂತೆ ನಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಆಮೇಲೆ ಹತ್ತು ನಿಮಿಷ ಕಾಯಬೇಕು, ವಿದ್ಯುತ್ ಹಿಡಿದಿಡುವ ಕೆಪಾಸಿಟರಿನಲ್ಲಿ ಉಳಿದದ್ದು ಇಳಿಯಲಿ ಎಂದು. ಕೊನೆಗೆ ಮೀಟರಿನಲ್ಲಿ ಸೊನ್ನೆ ಕಂಡರೆ ಮಾತ್ರ ಸ್ಪ್ಯಾನರ್ ಹಿಡಿಯಬಹುದು. ಇದನ್ನು ನೋಡಿ ನೋಡಿ ಕಲಿಯಲು ಆಗುವುದಿಲ್ಲ ಕಣೋ. ಮೊದಲ ತಪ್ಪೇ ಕೊನೆಯದಾಗಬಹುದು.

ಕಾಲೇಜು ಕೊಡಲಾರದ್ದೂ ಬೇಕಾದಷ್ಟಿದೆ. ಗಿರಾಕಿ "ಒಂಥರಾ ಸದ್ದು ಬರುತ್ತದೆ" ಎಂದಾಗ ಅವನ ಮಾತಿನಿಂದ ನಿಜ ಸಂಗತಿ ಹೊರಡಿಸುವುದು, ತುಕ್ಕು ಹಿಡಿದ ನಟ್ಟು ಇನ್ನೇನು ಮುರಿಯುತ್ತದೆ ಎಂದು ಮಣಿಕಟ್ಟಿಗೆ ತಿಳಿಯುವುದು, ಎಷ್ಟು ಹೊತ್ತಿಗೆ ಗಾಡಿ ಬಿಡುತ್ತೇನೆ ಎಂದು ಹೇಳಿ ಅಷ್ಟು ಹೊತ್ತಿಗೆ ಬಿಡುವುದು. ಇಲ್ಲಿಯವರಿಗೂ ಇದು ಗೊತ್ತು. ಎಎಸ್‌ಇ ಎಂಬ ಸಂಸ್ಥೆ 1972ರಿಂದ ಮೆಕ್ಯಾನಿಕ್‌ಗಳಿಗೆ ಪರೀಕ್ಷೆ ನಡೆಸುತ್ತದೆ. ಬ್ರೇಕಿಗೊಂದು, ಸಸ್ಪೆನ್ಶನ್ನಿಗೊಂದು, ಎಲೆಕ್ಟ್ರಿಕಲ್ಲಿಗೊಂದು, ಹೀಗೆ ಬೇರೆ ಬೇರೆ. ಬರೀ ಪಾಸಾದರೆ ಪ್ರಮಾಣಪತ್ರ ಸಿಗುವುದಿಲ್ಲ, ಜೊತೆಗೆ ಕೈಕೆಲಸದ ಅನುಭವ ಬೇಕು. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಲೂ ಬೇಕು. ನಿನ್ನ ಮಗನಿಗೆ ಅನುಭವದ ಅರ್ಧ ಹುಟ್ಟಿನಿಂದಲೇ ಸಿಕ್ಕಿದೆ.

ನಮ್ಮಪ್ಪ ನನಗೆ ಹೇಳುತ್ತಿದ್ದದ್ದು ನಿನಗೂ ಕೇಳಿರಬೇಕು: "ಓದದಿದ್ದರೆ ಗ್ಯಾರೇಜಿಗೆ ಸೇರಿಸಿಬಿಡುತ್ತೇನೆ." ಎಸ್‌ಎಸ್‌ಎಲ್‌ಸಿ ಮುಗಿದ ಬೇಸಿಗೆಯಲ್ಲಿ ನಿನ್ನನ್ನು ಶಾಲೆ ಬಿಡಿಸಿ ಶೆಡ್ಡಿಗೆ ಕರೆದರು, ನನ್ನನ್ನು ಶೆಡ್ಡಿನಿಂದ ಎಬ್ಬಿಸಿ ಕಾಲೇಜಿಗೆ ಅಟ್ಟಿದರು. ನೀನು ಗಣಿತದಲ್ಲಿ ನನಗಿಂತ ಜಾಣ. ನನಗೆ ಗ್ರೀಸಿನ ವಾಸನೆ ಎಂದರೆ ಪ್ರಾಣ. ಇಬ್ಬರಿಗೂ ಅರ್ಧರ್ಧವೇ ಸಿಕ್ಕಿತು. ಈಗ ನಿನ್ನ ಮಗ ಎರಡೂ ಬೇಕು ಎನ್ನುತ್ತಿದ್ದಾನೆ, ಅದನ್ನು ಹಟ ಎಂದು ಕರೆಯಬೇಡ.

ಐಟಿಐಯಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎರಡು ವರ್ಷದ ಕೋರ್ಸು. ಸೇರಿಸು. ಬೆಳಗ್ಗೆ ಅಲ್ಲಿ, ಸಂಜೆ ಮತ್ತು ಭಾನುವಾರ ನಿನ್ನ ಜೊತೆ. ಅವನು ಓದಿದ್ದನ್ನು ನಿನಗೆ ಹೇಳಿದಾಗ ಬೈಯಬೇಡ, ಮಾಡಿ ತೋರಿಸು ಎನ್ನು. ನಿಮ್ಮಪ್ಪನಿಗೆ ನೀನು ಏನನ್ನಾದರೂ ಹೇಳಲು ಹೋದಾಗ ಸ್ಪ್ಯಾನರ್ ಬೀಸಿ ಬರುತ್ತಿತ್ತು, ಮರೆತಿಲ್ಲ ತಾನೆ?

ಊರಿಗೆ ಹೊರಟಿರುವ ಒಬ್ಬರ ಕೈಯಲ್ಲಿ ಒಂದು ಮಲ್ಟಿಮೀಟರ್ ಕಳುಹಿಸಿದ್ದೇನೆ. ಅದು ನಿನಗಲ್ಲ, ಅವನಿಗೆ. ಮನೆ ಮುಂದೆ ನಿಂತಿರುವ ನಿಮ್ಮಪ್ಪನ ಹಳೆಯ ಜೀಪಿನ ಸೆಲ್ಫ್ ಇನ್ನೂ ತೊಂದರೆ ಕೊಡುತ್ತಿದೆ ಎಂದಿದ್ದೆಯಲ್ಲ, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಇಂಜಿನ್ನಿನ ಮೈಗೆ ಮುಟ್ಟಿಸಿ ಹಿಡಿಯಲು ಅವನಿಗೆ ಹೇಳು. ಕೀಲಿಯನ್ನು ನೀನು ತಿರುಗಿಸು. ಬಂದ ಅಂಕಿಯನ್ನು ಅವನ ಕೈಯಲ್ಲೇ ಬರೆಸಿ ನನಗೆ ಕಳುಹಿಸು. ಕಾಯುತ್ತಿರುತ್ತೇನೆ.

ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ ತಿಳಿಸು.

ಇಂತಿ ನಿನ್ನ,
ಹಿಂದಿನ ಬೆಂಚಿನ ಗೆಳೆಯ